ಮೆಲ್ಬೋರ್ನ್‌ಗೆ ಓದಲು ಹೊರಟ ನಮ್ಮ ಕಡೆಯ ಮಕ್ಕಳಿಗೆ

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯಿಂದ ಹೊಸದಾಗಿ ಬರುವವರು ನನಗೆ ಫೋನ್ ಮಾಡುತ್ತಾರೆ. ರೂಮು ಎಲ್ಲಿ ಹಿಡಿಯಲಿ, ಕೆಲಸ ಬೇಗ ಸಿಗುತ್ತಾ ಅಂತ ಕೇಳುತ್ತಾರೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾನು ಮಾಡಿದ ತಪ್ಪು ಕೇಳಿ.

2020ರ ಫೆಬ್ರವರಿಯಲ್ಲಿ ಅಕ್ಕನ ಮದುವೆಗೆ ಧಾರವಾಡಕ್ಕೆ ಬಂದಿದ್ದೆ. ಮಾಸ್ಟರ್ಸ್‌ನ ಎರಡನೇ ವರ್ಷ ಶುರುವಾಗುವುದಿತ್ತು. ಮದುವೆ ಮುಗೀತು. "ಯುಗಾದಿ ಮುಗಿಸ್ಕೊಂಡ ಹೋಗು. ಹದಿನೈದ ದಿನದಾಗ ಏನ ಆಗತೈತಿ?" ಅಂದಳು ಅವ್ವ. ಟಿಕೆಟ್ ಮುಂದೆ ಹಾಕಿದೆ. ಮಾರ್ಚ್ 20ರ ರಾತ್ರಿ ಆಸ್ಟ್ರೇಲಿಯಾ ತನ್ನ ಪ್ರಜೆಗಳು, ಕಾಯಂ ನಿವಾಸಿಗಳು, ಅವರ ಮನೆಯವರನ್ನು ಬಿಟ್ಟು ಉಳಿದವರಿಗೆ ಬಾಗಿಲು ಹಾಕಿತು. ಮಾರ್ಚ್ 25ಕ್ಕೆ ಯುಗಾದಿ. ಅವತ್ತೇ ನಮ್ಮಲ್ಲೂ ಲಾಕ್‌ಡೌನ್ ಶುರು. ಬೇವು-ಬೆಲ್ಲ ತಿನ್ನುವಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಆ ಬಾಗಿಲು ವಿದ್ಯಾರ್ಥಿಗಳಿಗೆ ತೆರೆದಿದ್ದು 2021ರ ಡಿಸೆಂಬರ್ 15ಕ್ಕೆ. ಹತ್ತಿರ ಹತ್ತಿರ 21 ತಿಂಗಳು. ಅಲ್ಲಿ ಬೆಳಿಗ್ಗೆ 9ರ ಕ್ಲಾಸು ಅಂದರೆ ಇಲ್ಲಿ ನಸುಕಿನ 4:30. ಅಲ್ಲಿಯ ಬೇಸಿಗೆಯಲ್ಲಿ 3:30. ನೆಟ್‌ವರ್ಕ್ ಅಡುಗೆ ಮನೆಯಲ್ಲೇ ಚೆನ್ನಾಗಿ ಸಿಗುತ್ತಿತ್ತು, ಅಲ್ಲೇ ಕೂರುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಪ್ರೊಫೆಸರ್ ಗುಡ್ ಮಾರ್ನಿಂಗ್ ಅಂದರೆ ಅವಳೂ ಪರದೆಗೆ ಕೈ ಮುಗಿಯುತ್ತಿದ್ದಳು.

"ಇವತ್ತಲ್ಲ ನಾಳೆ ತೆಗೀತಾರೆ" ಅಂತ ನಾಲ್ಕು ತಿಂಗಳು ಮೆಲ್ಬೋರ್ನ್‌ನ ಖಾಲಿ ರೂಮಿಗೆ ಬಾಡಿಗೆ ಕಟ್ಟಿದೆ. ಅಪ್ಪ ಜಾಗ ಅಡವಿಟ್ಟು ತಂದ ಸಾಲದ ದುಡ್ಡು ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಲ್ಲೇ ಉಳಿದ ಗೆಳೆಯರ ಪಾಡು ಇನ್ನೂ ಕಷ್ಟ. ಕೆಫೆ, ಹೋಟೆಲ್ ಮುಚ್ಚಿದವು. ಕೆಲಸಗಾರರ ಸಂಬಳಕ್ಕೆಂದು ಸರ್ಕಾರ ಕೊಡುತ್ತಿದ್ದ ಜಾಬ್‌ಕೀಪರ್ ನೆರವು ವಿದ್ಯಾರ್ಥಿ ವೀಸಾದವರಿಗೆ ಇರಲಿಲ್ಲ. ಖರ್ಚು ನಿಭಾಯಿಸಲಾಗದವರು ತಮ್ಮ ದೇಶಕ್ಕೆ ಹೋಗಲಿ ಎಂದರು ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್. ಹೋಗುವುದು ಹೇಗೆ? ಭಾರತ ಮಾರ್ಚ್‌ನಲ್ಲೇ ಅಂತಾರಾಷ್ಟ್ರೀಯ ವಿಮಾನ ನಿಲ್ಲಿಸಿತ್ತು. ಗದಗದ ಗೆಳೆಯನೊಬ್ಬ ಎಷ್ಟೋ ದಿನ ಸಿಖ್ಖರು ಹಂಚುತ್ತಿದ್ದ ಊಟದ ಮೇಲೆ ಇದ್ದ. ತನ್ನ ಅವ್ವನಿಗೆ ಮಾತ್ರ ಹೇಳಿರಲಿಲ್ಲ. ನೀವು ಹಾಗೆ ಮುಚ್ಚಿಡಬೇಡಿ.

ಲಸಿಕೆಯ ಕಥೆಯೂ ಅಷ್ಟೇ. ಅವತ್ತು ಲಸಿಕೆ ಕೇಂದ್ರದಲ್ಲಿ ಇದ್ದದ್ದು ಕೋವ್ಯಾಕ್ಸಿನ್, ಅದನ್ನೇ ಹಾಕಿಸಿಕೊಂಡೆ. 2021ರ ಅಕ್ಟೋಬರ್ 1ಕ್ಕೆ ಆಸ್ಟ್ರೇಲಿಯಾ ಕೋವಿಶೀಲ್ಡ್ ಒಪ್ಪಿತು. ಕೋವ್ಯಾಕ್ಸಿನ್ ಒಪ್ಪಿದ್ದು ನವೆಂಬರ್ 1ಕ್ಕೆ. ಆ ಒಂದು ತಿಂಗಳು ನಿದ್ದೆ ಇರಲಿಲ್ಲ.

ಎರಡನೇ ತಪ್ಪು ಅದಕ್ಕಿಂತ ದೊಡ್ಡದು. 2022ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಜನ ಸಿಗದೆ, ವಿದ್ಯಾರ್ಥಿಗಳ ಕೆಲಸದ ಗಂಟೆಯ ಮಿತಿಯನ್ನೇ ತೆಗೆದರು. ಅದು ಹೀಗೇ ಇರುತ್ತದೆ ಅಂದುಕೊಂಡೆ. ಹಗಲು ವೇರ್‌ಹೌಸ್, ರಾತ್ರಿ ಹೋಟೆಲ್. ವಾರಕ್ಕೆ 60 ಗಂಟೆ. ಸಾಲ ಕರಗಿತು. ಆದರೆ ಒಂದು ವಿಷಯ ಫೇಲಾಗಿ ಅದರ ಫೀ ಮತ್ತೆ ಕಟ್ಟಿದೆ. ದೀಪಾವಳಿಗೆ ಬಾ ಅಂತ ಅವ್ವ ಕರೆದಳು. ಮತ್ತೆ ಬಾಗಿಲು ಹಾಕಿಬಿಟ್ಟರೆ ಅನ್ನುವ ಭಯ. ಹೋಗಲಿಲ್ಲ. ಹಬ್ಬ ಕಳೆದು ಮೂರು ವಾರಕ್ಕೆ ಅಜ್ಜಿ ಹೋದಳು. ವೇರ್‌ಹೌಸಿನ ಊಟದ ಕೋಣೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಬಾಗಿಲು ತೆರೆದೇ ಇತ್ತು. ಟಿಕೆಟಿಗೆ ದುಡ್ಡೂ ಇತ್ತು.

2023ರ ಜುಲೈ 1ಕ್ಕೆ ಮಿತಿ ವಾಪಸ್ ಬಂತು, ಹದಿನಾಲ್ಕು ದಿನಕ್ಕೆ 48 ಗಂಟೆ. 60 ಗಂಟೆಯ ಸಂಬಳ ನಂಬಿ ಕಾರು ಕೊಂಡವರು ಒದ್ದಾಡಿದರು. ಈ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ, ನೋಡಿ. ಹದಿನಾಲ್ಕು ದಿನದ ಎಣಿಕೆ ಪ್ರತಿ ಸೋಮವಾರ ಹೊಸದಾಗಿ ಶುರುವಾಗುತ್ತದೆ. ಮೊದಲ ವಾರ 10 ಗಂಟೆ, ಎರಡನೇ ವಾರ 38 ಆದರೆ ಸರಿ. ಮೂರನೇ ವಾರ 20 ಮಾಡಿದಿರೋ, ಎರಡು-ಮೂರನೇ ವಾರ ಸೇರಿ 58 ಆಯ್ತು. ವೀಸಾಕ್ಕೇ ಕುತ್ತು. ಕೋರ್ಸಿನ ರಜೆಯಲ್ಲಿ ಮಿತಿ ಇಲ್ಲ. ಕೋರ್ಸ್ ಶುರುವಾಗುವ ಮೊದಲು ಕೆಲಸವೇ ಮಾಡುವಂತಿಲ್ಲ. ಕೈಗೆ ನಗದು ಕೊಟ್ಟು, ಕಡಿಮೆ ಕೊಟ್ಟು, "ವೀಸಾ ನೆನಪಿರಲಿ" ಅನ್ನುವ ಮಾಲೀಕ ನನಗೂ ಸಿಕ್ಕಿದ್ದ. ಸುಮ್ನೆ ಇದ್ದೆ. ನೀವು ಸುಮ್ನಿರಬೇಡಿ. ಕೆಲಸಗಾರರ ದೂರು ಕೇಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಯಾವ ವೀಸಾ ಇದ್ದರೂ ನಡೆಯುತ್ತದೆ, ದುಡ್ಡು ಬೇಡ.

ಟ್ಯಾಕ್ಸ್ ಫೈಲ್ ನಂಬರ್ (ನಮ್ಮ ಪ್ಯಾನ್ ಇದ್ದಂತೆ), ಬ್ಯಾಂಕ್ ಖಾತೆ ಬಂದ ವಾರದಲ್ಲೇ ಮಾಡಿಸಿ. ಮೆಲ್ಬೋರ್ನ್‌ನ ಹೊರವಲಯದ ಬಡಾವಣೆ ಟಾರ್ನೀಟ್ ಕಡೆ ನಮ್ಮವರು ಜಾಸ್ತಿ, ಜೋಳದ ಹಿಟ್ಟೂ ಸಿಗುತ್ತದೆ, ಆದರೆ ಸಿಟಿಯಿಂದ ದೂರ. ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಬೇರೆ ಇಡಿ, ಅದನ್ನು ಮುಟ್ಟಬೇಡಿ. ಸೆಮಿಸ್ಟರ್ ರಜೆ ಸಿಕ್ಕರೆ ಊರಿಗೆ ಹೋಗಿ ಬನ್ನಿ.

ಯುಗಾದಿಗೆ ಉಳಿದದ್ದನ್ನು ತಪ್ಪು ಅಂತ ಬರೆಯಲು ಹೊರಟಿದ್ದೆ. ಈಗ ಹಾಗೆ ಅನ್ನಲು ಮನಸ್ಸು ಬರುತ್ತಿಲ್ಲ. ಅಜ್ಜಿಯ ಜೊತೆ ಕಳೆದ ಕಡೆಯ ದಿನಗಳು ಅವೇ. ನನ್ನ ಎರಡು ವರ್ಷದ ಮಗಳು ಅವಳನ್ನು ನೋಡಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಮಗಳನ್ನು ಪಕ್ಕ ಕೂರಿಸಿಕೊಂಡು ಬತ್ತಿ ಹೊಸೆಯುತ್ತೇನೆ. ಅಜ್ಜಿ ಹೊಸೆದಷ್ಟು ಸಣ್ಣಗೆ ಬರುವುದಿಲ್ಲ.