ತೂತು ನೀವೇ ಮಾಡಿ, ನೀವೇ ಮುಚ್ಚಿ: ಪ್ರಿವಿಲೇಜ್ ಎಸ್ಕಲೇಶನ್ ಕಲಿಯುವ ದಾರಿ

ಸಾಮಾನ್ಯ ಯೂಸರ್ ಆಗಿ ಒಳಗೆ ಬಂದವನು ರೂಟ್ (ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಕೂರುವುದಕ್ಕೆ ಪ್ರಿವಿಲೇಜ್ ಎಸ್ಕಲೇಶನ್ ಅನ್ನುತ್ತಾರೆ. ಇದನ್ನು ಕಲಿಯಲು ಶಿರಸಿ ಬಿಟ್ಟು ಬೆಂಗಳೂರಿಗೇನೂ ಹೋಗಬೇಕಿಲ್ಲ. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್, ಅದರೊಳಗೆ ಡೆಬಿಯನ್ ಅನ್ನುವ ಲಿನಕ್ಸ್ ಇದ್ದರೆ ಸಾಕು. ಇನ್‌ಸ್ಟಾಲ್ ಆದ ಮೇಲೆ ನೆಟ್‌ವರ್ಕನ್ನು ಹೋಸ್ಟ್-ಓನ್ಲಿ ಮಾಡಿ (ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಸಂಪರ್ಕ), ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ನಕಲು, ತೆಗೆದಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ, ಮೆಷಿನ್ ಕೆಟ್ಟರೆ ಹಿಂದಕ್ಕೆ ಹೋಗಲು ಅದೇ ಗತಿ.

ಬಹಳ ಜನ ಮೊದಲ ದಿನವೇ ತೂತು ಹುಡುಕಿಕೊಡುವ ಲಿನ್‌ಪೀಸ್ ಸ್ಕ್ರಿಪ್ಟ್ ಓಡಿಸಿ, ಬಣ್ಣಬಣ್ಣದ ಅಕ್ಷರ ನೋಡುತ್ತಾ ಕೂರುತ್ತಾರೆ. ಏನೂ ತಲೆಗೆ ಹತ್ತುವುದಿಲ್ಲ. ಅದರ ಬದಲು ತೂತನ್ನು ನೀವೇ ಮಾಡಿ.

ಉದಾಹರಣೆಗೆ, ಅಡಿಕೆ ಮಂಡಿಯ ಲೆಕ್ಕ ಬ್ಯಾಕಪ್ ಮಾಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ರೂಟ್ ಹೆಸರಿನಲ್ಲಿ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಅದನ್ನು ನಿಮಿಷಕ್ಕೊಮ್ಮೆ ಓಡಿಸಲಿ. ಫೈಲಿಗೆ 777 ಪರ್ಮಿಶನ್ ಕೊಡಿ, ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು. ನಿಜವಾದ ಆಫೀಸುಗಳಲ್ಲೂ 'ಕೆಲಸ ಆಗ್ತಾ ಇಲ್ಲ' ಅಂತ ಯಾರೋ ಸುಮ್ನೆ 777 ಒತ್ತಿ ಮರೆತಿರುತ್ತಾರೆ. ಈಗ ಸಾಮಾನ್ಯ ಯೂಸರ್ ಆಗಿ ಲಾಗಿನ್ ಆಗಿ, ಸ್ಕ್ರಿಪ್ಟಿನ ಕೊನೆಗೆ ಒಂದು ಸಾಲು ಸೇರಿಸಿ: ಯಾವ ಯೂಸರ್ ಅಂತ ಹೇಳುವ ಐಡಿ ಕಮಾಂಡಿನ ಉತ್ತರ ಟೆಂಪ್ ಫೋಲ್ಡರಿನ ಒಂದು ಫೈಲಿಗೆ ಹೋಗಲಿ. ಒಂದು ನಿಮಿಷ ಕಾದು ಆ ಫೈಲ್ ತೆರೆದರೆ ಯುಐಡಿ (ಯೂಸರ್ ಸಂಖ್ಯೆ) 0 ಅಂತ ಇರುತ್ತದೆ, ಅದು ರೂಟ್‌ನ ಸಂಖ್ಯೆ. ಅಂದರೆ ನೀವು ಬರೆದ ಸಾಲನ್ನು ರೂಟ್ ಓಡಿಸಿದೆ.

ಇನ್ನು ಮುಚ್ಚುವ ಕೆಲಸ. ಫೈಲಿನ ಮಾಲೀಕತ್ವ ರೂಟ್‌ಗೆ ಕೊಟ್ಟು ಪರ್ಮಿಶನ್ 700 (ಮಾಲೀಕನಿಗೆ ಮಾತ್ರ) ಮಾಡಿ. ಮುಗಿಯಿತು ಅಂದುಕೊಂಡಿರಾ? ಆ ಫೋಲ್ಡರಿನಲ್ಲಿ ಎಲ್ಲರೂ ಬರೆಯಬಹುದಾದರೆ, ಯಾರು ಬೇಕಾದರೂ ಬೀಗ ಹಾಕಿದ ಫೈಲಿನ ಹೆಸರು ಬದಲಿಸಿ ಅದೇ ಜಾಗದಲ್ಲಿ ತನ್ನ ಫೈಲ್ ಇಡಬಹುದು. ಇಲ್ಲೇ ಜಾಸ್ತಿ ಜನ ಎಡವುವುದು. ಫೋಲ್ಡರನ್ನೂ ಬಿಗಿ ಮಾಡಿ, ಮತ್ತೆ ಪ್ರಯತ್ನಿಸಿ.

ಇದೇ ರೀತಿ ಸುಡೋದಲ್ಲಿ (ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಪ್ರೋಗ್ರಾಂ) ಪಾಸ್‌ವರ್ಡ್ ಇಲ್ಲದೆ ವಿಮ್ ಅನ್ನುವ ಎಡಿಟರ್ ತೆರೆಯಲು ಬಿಟ್ಟು ನೋಡಿ. ವಿಮ್ ಒಳಗಿಂದಲೇ ಶೆಲ್ (ಕಮಾಂಡ್ ಒತ್ತುವ ಜಾಗ) ತೆರೆಯಬಹುದು, ಅದೂ ರೂಟ್ ಶೆಲ್. ಯಾವ ಪ್ರೋಗ್ರಾಂ ಹೀಗೆ ಕೈಕೊಡುತ್ತದೆ ಅನ್ನುವ ಪಟ್ಟಿ ಜಿಟಿಎಫ್‌ಒ-ಬಿನ್ಸ್ ವೆಬ್‌ಸೈಟಿನಲ್ಲಿದೆ. ಯಾರು ಓಡಿಸಿದರೂ ಮಾಲೀಕನ ಅಧಿಕಾರದಲ್ಲೇ ಓಡುವ ಎಸ್‌ಯುಐಡಿ ಫೈಲುಗಳನ್ನೂ ಹುಡುಕಿ, ಒಂದೊಂದೂ ಅಲ್ಲಿ ಯಾಕಿದೆ ಅಂತ ಕೇಳಿಕೊಳ್ಳಿ. 2022ರಲ್ಲಿ ಬಯಲಾದ ಪ್ವನ್‌ಕಿಟ್ ದೋಷ ಅಂಥದೇ ಒಂದು ಫೈಲಿನಲ್ಲಿ, ಪಿಕೆಎಕ್ಸೆಕ್‌ನಲ್ಲಿ, 2009ರಿಂದ ಅಡಗಿತ್ತು. ಅದಕ್ಕೆ ಸರಿಯಾದ ಮದ್ದು ಅಪ್‌ಡೇಟ್.

ವಿಂಡೋಸ್ ಆಮೇಲೆ ನೋಡಿಕೊಳ್ಳಿ. ಅಲ್ಲೂ ತಪ್ಪು ಪರ್ಮಿಶನ್ನಿನದೇ ಕಾಟ, ಕ್ರಾನ್ ಬದಲು ಸರ್ವಿಸ್ ಮತ್ತು ಶೆಡ್ಯೂಲ್ಡ್ ಟಾಸ್ಕ್ ಇರುತ್ತವೆ.

ಕಾಲೇಜು ಲ್ಯಾಬ್ ಇರಲಿ, ಗೆಳೆಯನ ಅಂಗಡಿ ಕಂಪ್ಯೂಟರ್ ಇರಲಿ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಐಟಿ ಕಾಯ್ದೆಯ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಒಪ್ಪಿಗೆ ಸಿಕ್ಕಿದರೆ ಮೊದಲು ನೋಡಬೇಕಾದ್ದು, ಅಲ್ಲಿ ದಿನನಿತ್ಯದ ಬಿಲ್ಲಿಂಗನ್ನು ಅಡ್ಮಿನ್ ಅಕೌಂಟಿನಲ್ಲೇ ಮಾಡುತ್ತಿದ್ದಾರಾ ಅಂತ. ಹೌದಾದರೆ ಎಸ್ಕಲೇಶನ್ ಪ್ರಶ್ನೆಯೇ ಬರುವುದಿಲ್ಲ, ಒಳಗೆ ಬಂದವನಿಗೆ ಎಲ್ಲ ಸಿಕ್ಕಂತೆಯೇ. ಒಂದು ಸಾಮಾನ್ಯ ಅಕೌಂಟ್ ಮಾಡಿಕೊಟ್ಟು ಬನ್ನಿ.