ಭುಜದ ಆಪರೇಷನ್ ಆಯ್ತು, ಕೈ ಯಾವಾಗ ಎತ್ತಬಹುದು?

ಭುಜದ ಆಪರೇಷನ್ ಆದವರು ಫಿಸಿಯೋಥೆರಪಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಕೈ ಯಾವಾಗ ಎತ್ತಬಹುದು?’ ಇದಕ್ಕೆ ಉತ್ತರ ಬೇಕಾದರೆ ಒಳಗೆ ಏನಾಗಿದೆ ಎಂದು ಮೊದಲು ತಿಳಿಯಬೇಕು. ನೋವು ಬೇಗ ಹೋಗುತ್ತದೆ. ಒಳಗೆ ಹೊಲಿಗೆ ಹಾಕಿದ ಜಾಗ ಗಟ್ಟಿಯಾಗುವುದು ನಿಧಾನ. ಈ ಎರಡರ ನಡುವಿನ ವಾರಗಳಲ್ಲೇ ಜನ ಎಡವುವುದು.

ಈ ಲೇಖನ ಮುಖ್ಯವಾಗಿ ರೊಟೇಟರ್ ಕಫ್ ರಿಪೇರಿ ಮಾಡಿಸಿಕೊಂಡವರಿಗೆ. ತೋಳಿನ ಮೂಳೆಯ ಉಂಡೆಯನ್ನು ಭುಜದ ಗೂಡಿನಲ್ಲಿ ಹಿಡಿದಿಡುವ ನಾಲ್ಕು ಮಾಂಸಖಂಡಗಳಿವೆ. ಅವುಗಳ ತುದಿಯ ನಾರುಗಳು ಸೇರಿ ಆ ಉಂಡೆಯನ್ನು ಸುತ್ತುವರಿದಿರುತ್ತವೆ. ಅದೇ ರೊಟೇಟರ್ ಕಫ್. ಇದರಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್ ನಾರು ಹರಿಯುವುದೇ ಜಾಸ್ತಿ. ವಯಸ್ಸಾದಂತೆ ಸವೆದು ಹರಿಯಬಹುದು, ಬೈಕಿನಿಂದ ಬಿದ್ದು ಒಮ್ಮೆಲೇ ಹರಿಯಲೂಬಹುದು. ಈಗ ಹೆಚ್ಚಿನ ಕಡೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ, ಹರಿದ ನಾರನ್ನು ಆ್ಯಂಕರ್ (ಮೂಳೆಯೊಳಗೆ ಕೂರಿಸುವ ಚಿಕ್ಕ ಮೊಳೆ) ಮತ್ತು ದಾರದಿಂದ ಮೂಳೆಗೆ ಕಟ್ಟುತ್ತಾರೆ. ಹೊರಗೆ ಕಾಣುವುದು ಮೂರು ನಾಲ್ಕು ಚಿಕ್ಕ ಗಾಯ. ಅವು ಎರಡು ವಾರದ ಹೊತ್ತಿಗೆ ಒಣಗುತ್ತವೆ. ಒಳಗಿನ ನಾರು ಮೂಳೆಗೆ ಕೂಡಿಕೊಳ್ಳಲು ಮಾತ್ರ ಸುಮಾರು 12 ವಾರ ಬೇಕು. ಪೂರ್ತಿ ಬಲ ಬರಲು 6 ತಿಂಗಳಿಂದ ಒಂದು ವರ್ಷ.

ಮಾವಿಗೆ ಕಸಿ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಟ್ಟಿ ಬಿಗಿಯಾಗಿ ಸುತ್ತಿದ್ದೇವೆ ಎಂದು ಯಾರೂ ಕೊಂಬೆ ಎಳೆದು ನೋಡುವುದಿಲ್ಲ. ಹಾಗಂತ ನೀರು ಹಾಕದೆ ಬಿಡುವುದೂ ಇಲ್ಲ. ಭುಜವನ್ನು ಬೇಗ ಎಳೆದಾಡಿದರೆ ಕಟ್ಟಿದ ನಾರು ಕಿತ್ತು ಬರಬಹುದು. ಅಲ್ಲಾಡಿಸದೇ ಇಟ್ಟರೆ ಕೀಲಿನ ಸುತ್ತಲಿನ ಪೊರೆ ಬಿಗಿದು ಕೈ ಹಿಡಿದುಕೊಳ್ಳುತ್ತದೆ. ಎರಡೂ ಆಗದಂತೆ ನೋಡಿಕೊಳ್ಳುವುದೇ ಪುನಶ್ಚೇತನದ ಕೆಲಸ.

ಆಪರೇಷನ್‌ಗೆ ಹೋಗುವ ಮುಂಚೆ

ಮುಂದೆ ಗುಂಡಿ ಇರುವ ಸಡಿಲ ಅಂಗಿ, ಮುಂದೆ ಜಿಪ್ ಇರುವ ನೈಟಿ ತೆಗೆದಿಡಿ. ದಿನಾ ಬೇಕಾಗುವ ಪಾತ್ರೆ, ಬಟ್ಟೆ, ಮಾತ್ರೆಗಳನ್ನು ಸೊಂಟದ ಎತ್ತರಕ್ಕೆ ಇಳಿಸಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಅಂಥವರಲ್ಲಿ ಭುಜ ಬಿಗಿಯುವುದೂ ಜಾಸ್ತಿ, ಗಾಯ ಮಾಯುವುದೂ ತಡ. ಬೀಡಿ ಸಿಗರೇಟು ಬಿಟ್ಟುಬಿಡಿ. ಹೊಗೆ ಈ ನಾರು ಕೂಡಿಕೊಳ್ಳುವುದಕ್ಕೇ ಅಡ್ಡಿ.

ಡಿಸ್ಚಾರ್ಜ್ ಆಗುವ ದಿನ ಸರ್ಜನ್ ಹತ್ತಿರ ಮೂರು ವಿಷಯ ಬರೆಸಿಕೊಳ್ಳಿ. ಹರಿದದ್ದು ಎಷ್ಟು ದೊಡ್ಡದಿತ್ತು? ಸ್ಲಿಂಗ್ (ಕುತ್ತಿಗೆಯಿಂದ ಕೈ ತೂಗುಹಾಕುವ ಪಟ್ಟಿ) ಎಷ್ಟು ವಾರ? ಯಾವ ಚಲನೆ ಸದ್ಯಕ್ಕೆ ಬೇಡ? ಈ ಚೀಟಿ ಇಲ್ಲದೆ ಬರುವವರೇ ಹೆಚ್ಚು. ಆಗ ಫಿಸಿಯೋಗೆ ಎಷ್ಟು ಮುಂದೆ ಹೋಗಬಹುದು ಎಂಬುದೇ ಗೊತ್ತಾಗುವುದಿಲ್ಲ. ಹರಿದದ್ದು ದೊಡ್ಡದಿದ್ದರೆ ಕೆಲವು ಸರ್ಜನ್‌ಗಳು ಮೊದಲ ಕೆಲವು ವಾರ ಭುಜ ಅಲ್ಲಾಡಿಸುವುದೇ ಬೇಡ ಎನ್ನುತ್ತಾರೆ. ಹಾಗಾಗಿ ಕೆಳಗೆ ಹೇಳಿರುವ ವಾರಗಳಿಗಿಂತ ನಿಮ್ಮ ಚೀಟಿಯಲ್ಲಿರುವ ವಾರಗಳೇ ಮುಖ್ಯ.

ಮೊದಲ ಆರು ವಾರ

ಆಪರೇಷನ್ ದಿನ ಕೈ ಮರಗಟ್ಟಿಸಲು ನರದ ಬಳಿ ಇಂಜೆಕ್ಷನ್ ಕೊಟ್ಟಿದ್ದರೆ ಗಂಟೆಗಟ್ಟಲೆ ಜೋಮು ಹಿಡಿದಿರುತ್ತದೆ. ಕೆಲವೊಮ್ಮೆ ಮಾರನೇ ದಿನದವರೆಗೂ. ನೋವಿಲ್ಲ ಎಂದು ಮಾತ್ರೆ ಮುಂದೂಡಬೇಡಿ. ಜೋಮು ಇಳಿಯುವ ಮುಂಚೆಯೇ ವೈದ್ಯರು ಹೇಳಿದ ಮಾತ್ರೆ ಹೊಟ್ಟೆಯಲ್ಲಿರಬೇಕು. ನಡುರಾತ್ರಿ ನೋವು ಏರಿದ ಮೇಲೆ ನುಂಗಿದರೆ ಅದು ಇಳಿಯಲು ತುಂಬಾ ಹೊತ್ತು ಬೇಕು. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಚರ್ಮದ ಮೇಲೆ ನೇರವಾಗಿ ಬೇಡ. ಜೋಮು ಇರುವಾಗ ಇನ್ನೂ ಎಚ್ಚರ.

ನಿದ್ದೆಯೇ ದೊಡ್ಡ ತಲೆನೋವು. ಚಪ್ಪಟೆ ಮಲಗಿದರೆ ಭುಜ ಹಿಂದಕ್ಕೆ ಜಾರಿ ಎಳೆಯುತ್ತದೆ. ದಿಂಬುಗಳನ್ನು ಇಳಿಜಾರಾಗಿ ಜೋಡಿಸಿ ಅರ್ಧ ಒರಗಿ ಮಲಗಿ. ಮೊಣಕೈ ಕೆಳಗೆ ಒಂದು ಚಿಕ್ಕ ದಿಂಬು ಇಡಿ. ಮಲಗಿದಲ್ಲಿಂದ ನೋಡಿದರೆ ಮೊಣಕೈ ನಿಮ್ಮ ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಅದು ಹಿಂದೆ ಜಾರಿದೆ ಎಂದು ಅರ್ಥ. ಸ್ಲಿಂಗ್ ಸಾಮಾನ್ಯವಾಗಿ 4ರಿಂದ 6 ವಾರ, ರಾತ್ರಿಯೂ ಸೇರಿ.

ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಸ್ನಾನಕ್ಕೆ ಅನುಮತಿ ಸಿಕ್ಕ ಮೇಲೆ ಕಂಕುಳು ತೊಳೆಯಲು ಕೈ ಎತ್ತಬೇಡಿ. ಮುಂದಕ್ಕೆ ಬಾಗಿ, ಕೈಯನ್ನು ಜೋತುಬಿಟ್ಟರೆ ಕಂಕುಳಲ್ಲಿ ಜಾಗ ಆಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಬಲಗೈಗೆ ಆಪರೇಷನ್ ಆಗಿದ್ದರೆ ಊಟದ ಹೊತ್ತು ಕಷ್ಟ. ಎಡಗೈಯಲ್ಲಿ ತಿನ್ನಲು ನಮ್ಮಲ್ಲಿ ಹಿರಿಯರ ಮನಸ್ಸು ಒಪ್ಪುವುದಿಲ್ಲ, ಬಲಗೈಯನ್ನೇ ಎತ್ತಲು ಹೋಗುತ್ತಾರೆ. ಮನೆಯವರು ಒಂದು ಚಮಚ ಕೊಟ್ಟು, ‘ಸ್ವಲ್ಪ ದಿನ ಹೀಗೇ ತಿನ್ನಿ ಅಜ್ಜ, ಏನೂ ಆಗಲ್ಲ’ ಎಂದು ಸಮಾಧಾನ ಹೇಳಬೇಕು.

ಭುಜಕ್ಕೆ ವಿಶ್ರಾಂತಿ ಎಂದರೆ ಇಡೀ ಕೈಗೆ ವಿಶ್ರಾಂತಿ ಅಲ್ಲ. ಮೊದಲ ದಿನದಿಂದಲೇ ಮುಷ್ಟಿ ಹಿಡಿದು ಬಿಡುವುದು, ಮಣಿಕಟ್ಟು ತಿರುಗಿಸುವುದು ಮಾಡುತ್ತಿರಿ. ಬೆರಳಿನ ಊತ ಇಳಿಯುತ್ತದೆ. ಮೊಣಕೈ ಮಡಚಿ ಬಿಡಿಸಬಹುದು. ಆದರೆ ತೋಳಿನ ಮುಂಭಾಗದ ಬೈಸೆಪ್ಸ್ ಮಾಂಸಖಂಡದ ನಾರನ್ನೂ ಸರಿಪಡಿಸಿದ್ದರೆ ಸ್ವಂತ ಬಲದಿಂದ ಮೊಣಕೈ ಮಡಚಬಾರದು. ಕೇಳಿ ತಿಳಿದುಕೊಳ್ಳಿ. ಜೊತೆಗೆ ಬೆನ್ನಿನ ಮೇಲಿರುವ ಎರಡು ರೆಕ್ಕೆ ಮೂಳೆಗಳನ್ನು ಮೆಲ್ಲಗೆ ಹತ್ತಿರ ತಂದು ಐದು ಸೆಕೆಂಡ್ ಹಿಡಿದು ಬಿಡಿ.

ಕೈ ತೂಗುವ ವ್ಯಾಯಾಮ

ಇದಕ್ಕೆ ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್ಮನ್ ಅವರ ಹೆಸರಿದೆ. ನೋಡಲು ಬಹಳ ಸುಲಭ. ಅದಕ್ಕೇ ತಪ್ಪು ಮಾಡುವವರೂ ಬಹಳ. ನಿಧಾನಕ್ಕೆ ಓದಿ.

ಅಡುಗೆಮನೆ ಕಟ್ಟೆಯ ಮೇಲೆ ಒಳ್ಳೆಯ ಕೈ ಊರಿ ನಿಲ್ಲಿ. ಸೊಂಟದಿಂದ ಮುಂದಕ್ಕೆ ಬಾಗಿ. ಸ್ಲಿಂಗ್ ಬಿಚ್ಚಿ, ಆಪರೇಷನ್ ಆದ ಕೈಯನ್ನು ನೆಲದ ಕಡೆ ಜೋತುಬಿಡಿ. ಒಂದು ಕಾಲು ಮುಂದೆ, ಒಂದು ಹಿಂದೆ. ಈಗ ಮೈಭಾರವನ್ನು ಮುಂದಿನ ಕಾಲಿಗೆ, ಮತ್ತೆ ಹಿಂದಿನ ಕಾಲಿಗೆ ಬದಲಿಸುತ್ತಾ ಹೋಗಿ. ಮೈ ತೂಗಿದ ಹಾಗೆ ಕೈ ತಾನಾಗಿ ತೂಗುತ್ತದೆ. ಆಮೇಲೆ ಅಕ್ಕಪಕ್ಕ, ಆಮೇಲೆ ಚಿಕ್ಕ ಸುತ್ತು. ಒಂದು ಗೇಣಿನ ಅಗಲ ಸಾಕು. ದೊಡ್ಡ ಸುತ್ತು ಹಾಕಿದಷ್ಟೂ ಒಳ್ಳೆಯದು ಎಂದು ತಿಳಿಯಬೇಡಿ. ಸುತ್ತು ದೊಡ್ಡದಾದರೆ ಹೊಲಿಗೆ ಹಾಕಿದ ಮಾಂಸಖಂಡವೇ ಕೆಲಸಕ್ಕೆ ಇಳಿಯುತ್ತದೆ.

ಸರಿಯಾಗಿ ಮಾಡುತ್ತಿದ್ದೀರಾ ಎಂದು ತಿಳಿಯಲು ಬೆರಳು ನೋಡಿ. ಸಡಿಲವಾಗಿ ಬಾಗಿರಬೇಕು. ಆಮೇಲೆ ಮೈಯನ್ನು ಒಮ್ಮೆ ನಿಲ್ಲಿಸಿ. ಕೈ ಇನ್ನೂ ಒಂದೆರಡು ಸಲ ತೂಗಿ ನಿಂತರೆ ಸರಿ. ಮೈ ನಿಂತ ಕ್ಷಣವೇ ಕೈಯೂ ಗಕ್ಕನೆ ನಿಂತರೆ, ಇಷ್ಟು ಹೊತ್ತು ಕೈಯನ್ನು ನೀವೇ ಎಳೆದಾಡುತ್ತಿದ್ದಿರಿ ಎಂದರ್ಥ.

ಆರನೇ ವಾರದ ನಂತರ

ಸ್ಲಿಂಗ್ ಹೋಯಿತು. ಈಗ ಒಳ್ಳೆಯ ಕೈಯ ಸಹಾಯದಿಂದ ಇನ್ನೊಂದು ಕೈಯನ್ನು ಎತ್ತುವ ಹಂತ. ಮಲಗಿ, ಎರಡೂ ಕೈಯಲ್ಲಿ ಒಂದು ಬೆತ್ತ ಅಥವಾ ಮಡಚಿದ ಛತ್ರಿ ಹಿಡಿಯಿರಿ. ಒಳ್ಳೆಯ ಕೈ ಎತ್ತಲಿ, ಇನ್ನೊಂದು ಸುಮ್ನೆ ಜೊತೆಗೆ ಹೋಗಲಿ. ಮೇಜಿನ ಮೇಲೆ ಬಟ್ಟೆ ಹಾಸಿ ಕೈಯನ್ನು ಮುಂದಕ್ಕೆ ಜಾರಿಸುವುದೂ ಒಳ್ಳೆಯದೇ.

ಆಮೇಲೆ ಗೋಡೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ. ತಲುಪಿದ ಜಾಗದಲ್ಲಿ ಪೆನ್ಸಿಲ್ ಗೀಟು ಹಾಕಿ. ಗೀಟು ವಾರಕ್ಕೊಮ್ಮೆ ಹಾಕಿದರೆ ಸಾಕು. ದಿನಾ ಹಾಕಿದರೆ ನಿನ್ನೆಯದನ್ನು ದಾಟುವ ಹಟ ಬರುತ್ತದೆ. ಗೋಡೆ ಹಾಳಾಗುತ್ತದೆ ಎಂದು ಮನೆಯಲ್ಲಿ ಯಾರೂ ಬಯ್ಯಬೇಡಿ. ಬೇಸತ್ತ ರೋಗಿಗೆ ಆ ಗೀಟುಗಳಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ.

ಇಲ್ಲಿ ಕನ್ನಡಿ ಬೇಕು. ಕೈಯನ್ನು ತಲೆಯ ಮೇಲಕ್ಕೆ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ಭುಜದ ಕೀಲಿನಿಂದ, 60 ಡಿಗ್ರಿ ರೆಕ್ಕೆ ಮೂಳೆ ತಿರುಗುವುದರಿಂದ ಬರುತ್ತದೆ. ಕೀಲು ಬಿಗಿದಿದ್ದರೆ, ಮಾಂಸಖಂಡ ಸೋತಿದ್ದರೆ ಭುಜವೇ ಕಿವಿಯ ಹತ್ತಿರ ಏರುತ್ತದೆ. ಕೈ ಎತ್ತಿದಂತೆ ಕಾಣುತ್ತದೆ ಅಷ್ಟೇ. ಇದೇ ರೂಢಿಯಾದರೆ ಕುತ್ತಿಗೆ ನೋವು ಶುರು. ಕನ್ನಡಿಯಲ್ಲಿ ಭುಜ ಏರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಕೆಳಗೇ ಅಭ್ಯಾಸ ಮಾಡಿ.

ವ್ಯಾಯಾಮದ ನಂತರ ಸ್ವಲ್ಪ ನೋವು ಸಹಜ. ಒಂದು ಗಂಟೆಯೊಳಗೆ ಇಳಿದರೆ ಸರಿಯಾಗಿದೆ. ರಾತ್ರಿ ನಿದ್ದೆ ಕೆಡಿಸಿದರೆ ಮಾರನೇ ದಿನ ಅರ್ಧಕ್ಕೆ ಇಳಿಸಿ. ನೋವಿನ ಹೆದರಿಕೆಯಿಂದ ಪೂರ್ತಿ ಬಿಡಬೇಡಿ.

ನೋವಿಲ್ಲದ ಹೊತ್ತಿನ ಅಪಾಯ

ಎಂಟು ಹತ್ತು ವಾರದ ಹೊತ್ತಿಗೆ ಕೈ ಚೆನ್ನಾಗಿದೆ ಅನಿಸುತ್ತದೆ. ನನಗೆ ಅತಿ ಹೆಚ್ಚು ಚಿಂತೆಯಾಗುವುದು ಆಗಲೇ. ನೋವಿದ್ದಾಗ ಯಾರೂ ಕೈ ದುಡಿಸುವುದಿಲ್ಲ. ನೋವು ಹೋದ ಮೇಲೆ ಮುದ್ದೆ ತಿರುವಲು ಹೋಗುತ್ತಾರೆ, ಬಾವಿಯಿಂದ ನೀರು ಸೇದುತ್ತಾರೆ, ತುಂಬಿದ ಕುಕ್ಕರ್ ಎತ್ತುತ್ತಾರೆ, ಅಳುವ ಮೊಮ್ಮಗುವನ್ನು ಬಾಚಿ ಎತ್ತಿಕೊಳ್ಳುತ್ತಾರೆ. ಬಸ್ ಜರ್ಕ್ ಹೊಡೆದಾಗ ಮೇಲಿನ ಕಂಬಿ ಹಿಡಿಯುವುದಂತೂ ತನ್ನಷ್ಟಕ್ಕೇ ಆಗಿಹೋಗುತ್ತದೆ. ಒಳಗೆ ನಾರು ಇನ್ನೂ ಎಳೆಯದು. ದಯವಿಟ್ಟು 12 ವಾರ ಮುಗಿಯುವವರೆಗೆ ಈ ಕೈಯಲ್ಲಿ ಭಾರ ಬೇಡ. ಬಸ್ಸಿನಲ್ಲಿ ಸೀಟು ಕೇಳಿ ಕುಳಿತುಕೊಳ್ಳಿ. ಸರ್ಜನ್ ಒಪ್ಪುವವರೆಗೆ ಗಾಡಿ ಓಡಿಸಬೇಡಿ.

ಇನ್ನೊಂದು ಮಾತು. ಕೈ ಬಿಗಿದಿದೆ ಎಂದು ಎಣ್ಣೆ ಹಚ್ಚಿ ಜಗ್ಗಿಸಲು, ‘ಲಟಕ್’ ಅನಿಸಿ ಬಿಡಿಸಲು ಯಾರ ಬಳಿಯೂ ಹೋಗಬೇಡಿ. ಬಿಗಿತ ವಾರಗಟ್ಟಲೆ ಮೆಲ್ಲಗೆ ಹಿಗ್ಗಿಸಿದರೆ ಬಿಡುತ್ತದೆ. ಹೊಲಿಗೆ ಹರಿದರೆ ಮತ್ತೆ ಆಪರೇಷನ್ ಥಿಯೇಟರಿಗೇ ಹೋಗಬೇಕಾಗಬಹುದು.

ಬಲ ಬರಿಸುವುದು

12 ವಾರದ ನಂತರ ರಬ್ಬರ್ ಬ್ಯಾಂಡ್. ಬ್ಯಾಂಡ್ ಎಷ್ಟು ಬಿಗಿ ಎಂಬುದು ಅದರ ಬಣ್ಣದಿಂದ ಗೊತ್ತಾಗುತ್ತದೆ. ಅತ್ಯಂತ ಸಡಿಲವಾದದ್ದರಿಂದ ಶುರು ಮಾಡಿ. ಬಾಗಿಲ ಹಿಡಿಕೆಗೆ ಬ್ಯಾಂಡ್ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮುಂಗೈಯನ್ನು ಹೊರಗೆ ತಿರುಗಿಸಿ ನಿಧಾನವಾಗಿ ವಾಪಸ್ ಬಿಡಿ. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಸಿಕ್ಕಿಸಿಕೊಳ್ಳಿ. ಟವೆಲ್ ಬಿದ್ದರೆ ಮೊಣಕೈ ಸರಿದಿದೆ. ಎಳೆಯುವಾಗಿನಷ್ಟೇ ಗಮನ ವಾಪಸ್ ಬಿಡುವಾಗಲೂ ಇರಲಿ.

ಬೆನ್ನ ಹಿಂದೆ ಕೈ ಒಯ್ಯುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬ್ಲೌಸ್ ಹುಕ್ಕು, ಹಿಂದಿನ ಜೇಬಿನ ಪರ್ಸು ಎಲ್ಲಾ ಆಗ. ಆ ಚಲನೆಯಲ್ಲಿ ರಿಪೇರಿಯಾದ ನಾರು ಜಾಸ್ತಿ ಎಳೆಯುವುದರಿಂದ ಮುಂಚೆಯೇ ಒತ್ತಾಯ ಮಾಡುವುದಿಲ್ಲ. ಅದೊಂದೇ ಬಂದಿಲ್ಲ ಎಂದು ಅಳುವ ಹೆಂಗಸರನ್ನು ನೋಡಿದ್ದೇನೆ. ತಡವಾದರೂ ಬರುತ್ತದೆ ಅಮ್ಮಾ, ಧೈರ್ಯ ಇರಲಿ.

2017ರ ಆಸ್ಟ್ರೇಲಿಯಾ ಸರಣಿಯಲ್ಲಿ ಭುಜಕ್ಕೆ ಗಾಯ ಮಾಡಿಕೊಂಡ ನಮ್ಮ ಕೆ.ಎಲ್. ರಾಹುಲ್ ಸರ್ಜರಿ ಮಾಡಿಸಿಕೊಂಡು ಆ ವರ್ಷದ ಐಪಿಎಲ್ ಪೂರ್ತಿ ಬಿಟ್ಟರು. ಟೆಸ್ಟ್‌ಗೆ ಮರಳಿದ್ದು ಆಗಸ್ಟ್‌ನಲ್ಲಿ, ಶ್ರೀಲಂಕಾದಲ್ಲಿ. ಇಪ್ಪತ್ತೈದರ ಆಸುಪಾಸಿನ ಆಟಗಾರನಿಗೇ ಅಷ್ಟು ತಿಂಗಳು ಬೇಕಾಯಿತು. ಅರವತ್ತರ ನಿಮ್ಮಮ್ಮನಿಗೆ ಇನ್ನೂ ಹೆಚ್ಚು ಕಾಲ ಹಿಡಿದರೆ ಅವಸರ ಮಾಡಿಸಬೇಡಿ.

ಬೇರೆ ಆಪರೇಷನ್ ಆಗಿದ್ದರೆ

ಭುಜ ಪದೇ ಪದೇ ಜಾರುತ್ತದೆಂದು ಬ್ಯಾಂಕಾರ್ಟ್ ರಿಪೇರಿ ಮಾಡಿಸಿದವರು, ಚೆಂಡು ಎಸೆಯುವ ಭಂಗಿಯಲ್ಲಿ ಕೈಯನ್ನು ಹೊರಗೆ ತಿರುಗಿಸಿ ಎತ್ತುವುದನ್ನು ತಿಂಗಳುಗಳ ಕಾಲ ತಪ್ಪಿಸಬೇಕು. ಕಬಡ್ಡಿ ಹುಡುಗರು ಇದನ್ನು ಗಮನಿಸಿ. ಭುಜದ ಕೀಲನ್ನೇ ಬದಲಿಸಿಕೊಂಡವರು ಕುರ್ಚಿಯಿಂದ ಏಳುವಾಗ ಆ ಕೈ ಊರಬಾರದು. ಮೂಳೆ ಮುರಿದು ಪ್ಲೇಟ್ ಹಾಕಿಸಿದವರಿಗೆ ಚಲನೆ ಇನ್ನೂ ಬೇಗ ಶುರುವಾಗಬಹುದು. ಪಕ್ಕದ ಮನೆಯವರ ವ್ಯಾಯಾಮದ ಪಟ್ಟಿ ನಿಮಗೆ ಹೊಂದುವುದಿಲ್ಲ.

ಯಾವ ಆಪರೇಷನ್ ಆದರೂ ಜ್ವರ, ಗಾಯದಿಂದ ಕೀವು, ಬೆರಳಿಗೆ ಹೊಸದಾಗಿ ಜೋಮು, ‘ಟಪ್’ ಎಂದು ಸದ್ದಾಗಿ ಕೈ ಬಲ ಕಳೆದುಕೊಳ್ಳುವುದು ಕಂಡರೆ ಅಂದೇ ಸರ್ಜನ್‌ಗೆ ತೋರಿಸಿ. ಮೀನಖಂಡ ಊದಿ ನೋವು ಬಂದರೆ, ಎದೆನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ನೇರ ಆಸ್ಪತ್ರೆಗೆ ಹೋಗಿ.

ಕೆಲಸಕ್ಕೆ ಮರಳುವುದು

ಮೇಜಿನ ಮುಂದೆ ಕೂರುವವರು ಕೆಲವೇ ವಾರಗಳಲ್ಲಿ ಹೋಗಬಹುದು, ಸ್ಲಿಂಗ್ ಹಾಕಿಕೊಂಡೇ. ಬಣ್ಣ ಬಳಿಯುವವರು, ಗಾರೆ ಕೆಲಸದವರು, ವೈರಿಂಗ್ ಮಾಡುವವರು, ಉದ್ದ ದೋಟಿಯಲ್ಲಿ ಅಡಿಕೆ ಕೀಳುವವರಿಗೆ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ದಿನಗೂಲಿಯಲ್ಲಿ ಬದುಕುವವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂದು ಗೊತ್ತು. ಎಷ್ಟು ತಿಂಗಳು ತಲೆಯ ಮೇಲೆ ಕೈ ಎತ್ತುವ ಕೆಲಸ ಕೂಡದು, ಎಷ್ಟು ಕಿಲೋವರೆಗೆ ಭಾರ ಎತ್ತಬಹುದು ಎಂದು ಸರ್ಜನ್ ಕೈಯಲ್ಲಿ ಬರೆಸಿಕೊಳ್ಳಿ. ಅದನ್ನು ಮೇಸ್ತ್ರಿಗೋ ಮ್ಯಾನೇಜರಿಗೋ ತೋರಿಸಿ, ಅಷ್ಟು ದಿನ ಸೊಂಟದ ಮಟ್ಟದಲ್ಲೇ ಮಾಡುವ ಕೆಲಸ ಕೇಳಿ ಪಡೆಯಿರಿ.