ಬ್ಯೂನಸ್ ಐರಿಸ್‌ಗೆ ಹೊಸದಾಗಿ ಬಂದವರಿಗೆ: ಬೋಕಾ ಮತ್ತು ಅದರ ಊರು

ಕೆಲಸಕ್ಕೋ ಓದಿಗೋ ಬ್ಯೂನಸ್ ಐರಿಸ್‌ಗೆ ಬಂದಿಳಿದ ಕೆಲವೇ ದಿನಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಫುಟ್‌ಬಾಲ್‌ನಲ್ಲಿ ನಿಮ್ಮದು ಯಾವ ತಂಡ? ನನಗೆ ಕ್ರಿಕೆಟ್ ಮಾತ್ರ ಗೊತ್ತು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವಸರಪಟ್ಟು ಪಕ್ಷ ವಹಿಸಬೇಡಿ, ಆದರೆ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ಎಂಬ ಎರಡು ದೊಡ್ಡ ಕ್ಲಬ್ಬುಗಳ ಜಗಳದ ಮೂಲ ತಿಳಿದಿರಲಿ. ರಿವರ್ ಪ್ಲೇಟ್ 1901ರಲ್ಲಿ ಹುಟ್ಟಿದ್ದೂ ಲಾ ಬೋಕಾ ಬಡಾವಣೆಯಲ್ಲೇ; ಆಮೇಲೆ ಅದು ಉತ್ತರದ ಅನುಕೂಲಸ್ಥರ ಕಡೆಗೆ ಗಂಟುಮೂಟೆ ಕಟ್ಟಿತು. 1905ರಲ್ಲಿ ಇಟಲಿಯ ಜಿನೋವಾ ಮೂಲದ ಹುಡುಗರು ಕಟ್ಟಿದ ಬೋಕಾ ಜೂನಿಯರ್ಸ್ ಹಳೆಯ ಬಂದರಿನ ಪಕ್ಕದಲ್ಲೇ ಉಳಿಯಿತು. ಬಂದರಿಗೆ ಬಂದ ಸ್ವೀಡನ್ ಹಡಗಿನ ಬಾವುಟ ನೋಡಿ ನೀಲಿ-ಹಳದಿ ಆರಿಸಿಕೊಂಡರು ಎಂಬುದು ಕ್ಲಬ್ಬಿನವರು ಹೆಮ್ಮೆಯಿಂದ ಹೇಳುವ ಕತೆ.

ಪಂದ್ಯದ ಟಿಕೆಟ್ಟಿನ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಸೀಟುಗಳೆಲ್ಲ ಕ್ಲಬ್ ಸದಸ್ಯರ ಪಾಲು. ಸದಸ್ಯರಾದವರಿಗೇ ಸಿಗುವುದು ಕಷ್ಟ. ಪ್ರವಾಸಿಗರಿಗೆಂದು ಏಜೆನ್ಸಿಗಳು ಮಾರುವ ಟಿಕೆಟ್ಟಿಗೆ ಕೈ ಸುಡುವ ಬೆಲೆ. ಬೀದಿಯಲ್ಲಿ ಕೈಗೆ ತುರುಕುವವರಿಂದಂತೂ ಕೊಳ್ಳಲೇಬೇಡಿ. ಪಂದ್ಯವಿಲ್ಲದ ದಿನ ಬೆಳಗ್ಗೆ ಹೋಗಿ, ಕ್ರೀಡಾಂಗಣದೊಳಗೇ ಇರುವ ಮ್ಯೂಸಿಯಂ ನೋಡಿ. ದಕ್ಷಿಣ ಅಮೆರಿಕದ ಕ್ಲಬ್ಬುಗಳ ದೊಡ್ಡ ಪಂದ್ಯಾವಳಿಯಾದ ಲಿಬರ್ಟಡೋರೆಸ್‌ನಲ್ಲಿ ಆರು ಬಾರಿ ಗೆದ್ದ ಕಪ್‌ಗಳ ವೈಭವ, 1981ರಲ್ಲಿ ಲೀಗ್ ಗೆದ್ದುಕೊಟ್ಟ ಮರಡೋನಾ, ಈಗ ಕ್ಲಬ್ಬಿನ ಅಧ್ಯಕ್ಷನಾಗಿರುವ ಹಳೆಯ ಆಟಗಾರ ರಿಕೆಲ್ಮೆ, ಎಲ್ಲರೂ ಅಲ್ಲಿ ಎದುರಾಗುತ್ತಾರೆ.

ನನಗೆ ಅದಕ್ಕಿಂತ ಇಷ್ಟ ಖಾಲಿ ಮೈದಾನ. 1940ರಲ್ಲಿ ಶುರುವಾದ ಬೋಕಾದ ಈ ಕ್ರೀಡಾಂಗಣ, ಲಾ ಬೊಂಬೊನೇರಾಕ್ಕೆ, ಜಾಗ ಸಾಲದೆ, ಮೂರು ಕಡೆ ಗೋಡೆಯಂತೆ ಕಡಿದಾದ ಗ್ಯಾಲರಿ, ನಾಲ್ಕನೆಯ ಕಡೆ ನೆಟ್ಟಗೆ ಏರಿದ ಬಾಕ್ಸ್‌ಗಳ ಸಾಲು. ಮೇಲಿನ ಮೆಟ್ಟಿಲಲ್ಲಿ ನಿಂತು ಬಗ್ಗಿ ನೋಡಿದರೆ ಹುಲ್ಲು ಕಾಲಡಿಗೇ ಬಂದಂತಿರುತ್ತದೆ. ಅಭಿಮಾನಿಗಳು ಒಟ್ಟಿಗೆ ಕುಣಿದಾಗ ಕಟ್ಟಡ ನಡುಗುವುದಿಲ್ಲ, ಮಿಡಿಯುತ್ತದೆ ಎನ್ನುತ್ತಾರೆ ಇಲ್ಲಿಯವರು. ಕೋಕಾ ಕೋಲಾ ಕೂಡ ಇಲ್ಲಿ ತನ್ನ ಕೆಂಪು-ಬಿಳಿ ಜಾಹೀರಾತನ್ನು ಕಪ್ಪು-ಬಿಳುಪಾಗಿಸಿದ್ದುಂಟು, ಕೆಂಪು-ಬಿಳಿ ರಿವರ್‌ನ ಬಣ್ಣಗಳೆಂಬ ಕಾರಣಕ್ಕೆ. ಆದ್ದರಿಂದ ಆ ದಿನ ಕೆಂಪು-ಬಿಳಿ ಅಂಗಿ ಮನೆಯಲ್ಲಿರಲಿ.

ಹೋಗುವುದು ಸುಲಭ. ಮೊದಲು ಹಣ ತುಂಬಿಸಿ ಬಳಸುವ ಪ್ರಯಾಣದ ಸೂಬೆ ಕಾರ್ಡ್ ಮಾಡಿಸಿಕೊಳ್ಳಿ. ಬಸ್ಸಿಗೂ ಸುರಂಗ ರೈಲಿಗೂ ಅದೊಂದೇ ಸಾಕು. ನಗರದ ನಡುವಿನಿಂದ 29, 64, 152ನೇ ಬಸ್ಸುಗಳು ಲಾ ಬೋಕಾಕ್ಕೆ ಹೋಗುತ್ತವೆ. ಹತ್ತಿರದ ಕಮಿನೀತೊ ಬೀದಿಯ ಬಣ್ಣದ ತಗಡಿನ ಮನೆಗಳ ಚಿತ್ರ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಚಿತ್ರಕಾರ ಕಿಂಕೇಲಾ ಮಾರ್ಟಿನ್ ಮುತುವರ್ಜಿಯಿಂದ 1959ರಲ್ಲಿ ಅದು ಬೀದಿ ಸಂಗ್ರಹಾಲಯವಾಯಿತು. ಈಗ ಟ್ಯಾಂಗೋ ವೇಷದವರೊಂದಿಗೆ ಫೋಟೊ ತೆಗೆಸಿಕೊಂಡು ಹಣ ತೆರುವ ಜಾಗ. ಅರ್ಧ ಗಂಟೆ ಸಾಕು. ಉಳಿದ ಹೊತ್ತನ್ನು ನದಿ ದಂಡೆಗೆ ಕೊಡಿ: ರಿಯಾಚುವೆಲೊ ಮೇಲೆ 1914ರ ಕಬ್ಬಿಣದ ಸೇತುವೆಯಿದೆ, ಜನರನ್ನು ತೂಗುತೊಟ್ಟಿಲಲ್ಲಿ ಆಚೆ ದಾಟಿಸಲು ಕಟ್ಟಿದ್ದು. ಜನಸಂಚಾರವಿರುವ ಬೀದಿ ಬಿಟ್ಟು ಒಳಗಲ್ಲಿಗಳಿಗೆ ನುಗ್ಗಬೇಡಿ, ಮೊಬೈಲ್ ಕೈಯಲ್ಲಿ ಆಡಿಸಬೇಡಿ, ಕತ್ತಲಾಗುವ ಮುನ್ನ ಹೊರಡಿ.

ಭಾನುವಾರವಾದರೆ ಅಲ್ಲಿಂದ ಸಾನ್ ಟೆಲ್ಮೊ ಸಂತೆಗೆ ಹೋಗಿ, ದೆಫೆನ್ಸಾ ಬೀದಿಯುದ್ದಕ್ಕೂ ನಡೆದರೆ ಪ್ಲಾಸಾ ದೆ ಮಾಯೊ, ಅಧ್ಯಕ್ಷರ ಗುಲಾಬಿ ಭವನ ಸಿಗುತ್ತವೆ. ಅಧ್ಯಕ್ಷ ಪೆರೋನ್‌ನ ಪತ್ನಿ ಎವಿಟಾಳ ಸಮಾಧಿಯಿರುವ ರೆಕೊಲೇಟಾ ಸ್ಮಶಾನವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ರಾತ್ರಿಯೂಟ ಇಲ್ಲಿ ಒಂಬತ್ತಕ್ಕೆ ಮೊದಲು ಯಾರೂ ಮಾಡುವುದಿಲ್ಲ. ಸಸ್ಯಾಹಾರಿಗಳು ಕೊರ್ರಿಯೆಂತೆಸ್ ಬೀದಿಯ ಪಿಜ್ಜಾ ಅಂಗಡಿಗಳಿಗೆ ನಡೆಯಿರಿ. ಚೀಸ್ ಮತ್ತು ಈರುಳ್ಳಿಯ ಫುಗಾಸೇಟಾ ಪಿಜ್ಜಾದ ಮೇಲೆ ಫೈನಾ ಇಟ್ಟು ತಿನ್ನಿ. ಅದು ಜಿನೋವಾದವರು ತಂದ ಕಡಲೆಹಿಟ್ಟಿನ ದಪ್ಪ ರೊಟ್ಟಿ, ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಕಡುಬಿನಂತೆ ಹೂರಣ ತುಂಬಿದ ಎಂಪನಾಡಾ ಕೊಳ್ಳುವಾಗ ಮಾತ್ರ ಎಚ್ಚರ: ಮಾಂಸ ಬೇಡ ಎಂದಷ್ಟೇ ಹೇಳಿದರೆ ಹ್ಯಾಮ್ ಹಾಕಿದ್ದು ಬಂದೀತು. ಹ್ಯಾಮ್, ಕೋಳಿ ಎರಡನ್ನೂ ಹೆಸರು ಹೇಳಿಯೇ ಬೇಡವೆನ್ನಿ, ಇಲ್ಲವೇ ಜೋಳ ತುಂಬಿದ ಉಮೀತಾ ಕೇಳಿ.